ಬ್ಯಾಕಪ್ ಓಡುವಾಗ ಕಂಪ್ಯೂಟರ್ ಬಳಸಬಹುದಾ? ಬಳಸಬಹುದು, ಆದರೆ ಮೊದಲ ಎರಡು ನಿಮಿಷ ಕೈ ತೆಗೆಯಿರಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಾದ ಮೇಲೆ ಹಳೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಹಾಕೋಣ, ಇಲ್ಲಾ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸೋಣ ಅಂತ ಹೊರಟವರು ಮೊದಲು ಮಾಡಬೇಕಾದ ಕೆಲಸ ಪೂರ್ತಿ ಹಾರ್ಡ್ ಡಿಸ್ಕಿನ ಬ್ಯಾಕಪ್. ಶುರು ಮಾಡಿದ ಕೂಡಲೇ ಪರದೆಯ ಮೇಲೆ ಇನ್ನೂ 3 ಗಂಟೆ ಅಂತ ಬರುತ್ತದೆ. ಮೂರು ಗಂಟೆ ಕೈಕಟ್ಟಿ ಕೂರಲು ಯಾರಿಗೆ ಪುರುಸೊತ್ತಿದೆ? ಅದು ಅದರ ಪಾಡಿಗೆ ಓಡುತ್ತಿರಲಿ, ನಾನು ನನ್ನ ಕೆಲಸ ನೋಡಿಕೊಳ್ಳಬಹುದಾ ಅನ್ನುವ ಪ್ರಶ್ನೆ ಆಗ ಬರುತ್ತದೆ.

ನೋಡಿಕೊಳ್ಳಬಹುದು. ಆದರೆ ನೀವು ಬ್ಯಾಕಪ್ ತೆಗೆಯುತ್ತಿರುವ ರೀತಿ ಯಾವುದು ಅಂತ ಮೊದಲು ಗೊತ್ತಿರಬೇಕು. ಸಾಫ್ಟ್‌ವೇರ್ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯಲ್ಲಿ ಡಿಸ್ಕ್ ಹೇಗಿತ್ತೋ ಅದರ ಚಿತ್ರ, ತೆಗೆದುಕೊಂಡು ಆಮೇಲೆ ನಕಲು ಮಾಡುತ್ತಿದ್ದರೆ ಧೈರ್ಯವಾಗಿ ಕೆಲಸ ಮಾಡಿ. ಸುಮ್ನೆ ಫೋಲ್ಡರ್ ಹಿಡಿದು ಕಾಪಿ-ಪೇಸ್ಟ್ ಮಾಡುತ್ತಿದ್ದರೆ ಮುಗಿಯುವವರೆಗೆ ಆ ಫೋಲ್ಡರಿನ ತಂಟೆಗೆ ಹೋಗಬೇಡಿ. ಡಿಸ್ಕೇ ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ ಕಂಪ್ಯೂಟರನ್ನೇ ಮುಟ್ಟಬೇಡಿ, ಅದರ ಕಥೆ ಕೊನೆಯ ಕಡೆ ಹೇಳುತ್ತೇನೆ.

ಸ್ನ್ಯಾಪ್‌ಶಾಟ್ ಇದ್ದರೆ ಏನು ಲಾಭ

ಅಂಗಡಿಯವರು ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಲೇ ಇದ್ದಾರೆ, ಪಕ್ಕದಲ್ಲಿ ಕೂತು ನೀವು ಅದೇ ಪುಸ್ತಕವನ್ನು ಮೊದಲ ಪುಟದಿಂದ ನಕಲು ಮಾಡುತ್ತಿದ್ದೀರಿ ಅಂದುಕೊಳ್ಳಿ. ನೀವು 40ನೇ ಪುಟದಲ್ಲಿರುವಾಗ ಅವರು 10ನೇ ಪುಟದ ಒಂದು ಬಾಕಿಯನ್ನು ಹೊಡೆದುಹಾಕಿ 60ನೇ ಪುಟದಲ್ಲಿ ಜಮಾ ಬರೆಯುತ್ತಾರೆ. ನಿಮ್ಮ ನಕಲಿನಲ್ಲಿ ಬಾಕಿಯೂ ಇರುತ್ತದೆ, ಜಮಾನೂ ಇರುತ್ತದೆ. ಒಂದೊಂದು ಪುಟ ನೋಡಿದರೆ ಸರಿಯಾಗೇ ಇದೆ, ಒಟ್ಟು ಲೆಕ್ಕ ಮಾತ್ರ ಯಾವತ್ತೂ ತಾಳೆಯಾಗುವುದಿಲ್ಲ. ಬಳಕೆಯಲ್ಲಿರುವ ಡಿಸ್ಕನ್ನು ನೇರವಾಗಿ ನಕಲು ಮಾಡಿದರೆ ಆಗುವ ಎಡವಟ್ಟು ಇದೇ.

ಇದನ್ನು ತಪ್ಪಿಸಲು ವಿಂಡೋಸ್‌ನಲ್ಲಿ ವಾಲ್ಯೂಮ್ ಶ್ಯಾಡೋ ಕಾಪಿ ಅನ್ನುವ ವ್ಯವಸ್ಥೆ ಇದೆ. 2001ರ ಎಕ್ಸ್‌ಪಿ ಕಾಲದಿಂದಲೂ ಇದೆ. ಬ್ಯಾಕಪ್ ಶುರುವಾದಾಗ ಅದು ತೆರೆದಿರುವ ಪ್ರೋಗ್ರಾಂಗಳಲ್ಲಿ ತನ್ನ ಮಾತು ಕೇಳುವವಕ್ಕೆ 'ಕೈಲಿರುವುದನ್ನು ಡಿಸ್ಕಿಗೆ ಬರೆದು ಸ್ವಲ್ಪ ತಡೆಯಿರಿ' ಅಂತ ಹೇಳುತ್ತದೆ, ಡಿಸ್ಕಿಗೆ ಬರೆಯುವುದನ್ನು ಹೆಚ್ಚೆಂದರೆ 10 ಸೆಕೆಂಡ್ ನಿಲ್ಲಿಸುತ್ತದೆ, ಆ ಗಳಿಗೆಯಲ್ಲಿ ಡಿಸ್ಕ್ ಹೇಗಿತ್ತೋ ಹಾಗೆ ಅಂತ ಗುರುತು ಹಾಕಿಕೊಂಡು ಎಲ್ಲರನ್ನೂ ಬಿಟ್ಟುಬಿಡುತ್ತದೆ. ಆಮೇಲೆ ನೀವು ಒಂದು ಹಳೇ ಫೈಲನ್ನು ಬದಲಾಯಿಸಿದರೆ, ಆ ಜಾಗದಲ್ಲಿದ್ದ ಹಳೇ ತುಣುಕನ್ನು 16 ಕೆಬಿ ಲೆಕ್ಕದಲ್ಲಿ ಮೊದಲು ಬೇರೆ ಕಡೆ ಎತ್ತಿಟ್ಟು, ಆಮೇಲೆ ಹೊಸದನ್ನು ಬರೆಯಲು ಬಿಡುತ್ತದೆ. ಬ್ಯಾಕಪ್ ಸಾಫ್ಟ್‌ವೇರ್ ಓದುವುದು ಆ ಹಳೇ ಚಿತ್ರವನ್ನು. ನೀವು ಏನೇ ಬದಲಾಯಿಸಿದರೂ ಅದಕ್ಕೆ ಕಾಣುವುದಿಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, 10 ಗಂಟೆಗೆ ಶುರುವಾದ ಬ್ಯಾಕಪ್ ಮಧ್ಯಾಹ್ನ 1 ಗಂಟೆಗೆ ಮುಗಿದರೂ ಅದರಲ್ಲಿರುವುದು 10 ಗಂಟೆಯ ಡಿಸ್ಕ್. 11 ಗಂಟೆಗೆ ನೀವು ಟೈಪ್ ಮಾಡಿದ ಪತ್ರ ಅದರಲ್ಲಿ ಇಲ್ಲ. ಪ್ರೋಗ್ರೆಸ್ ಬಾರ್ ಇನ್ನೂ 60 ಪರ್ಸೆಂಟ್‌ನಲ್ಲಿದೆ, ನನ್ನ ಹೊಸ ಫೈಲೂ ಸೇರಿಕೊಳ್ಳುತ್ತದೆ ಅಂತ ಜನ ನಂಬಿಕೊಂಡಿರುತ್ತಾರೆ, ಸೇರುವುದಿಲ್ಲ. ಎರಡು, ಇಡೀ ಕೆಲಸದಲ್ಲಿ ನಾಜೂಕಾದ ಹೊತ್ತು ಅಂದರೆ ಆ ಮೊದಲ ಒಂದೆರಡು ನಿಮಿಷ ಮಾತ್ರ.

ಹಾಗಾಗಿ ಹೀಗೆ ಮಾಡಿ. ಸ್ಟಾರ್ಟ್ ಒತ್ತುವ ಮುಂಚೆ ತೆರೆದಿರುವ ಎಲ್ಲಾ ಫೈಲ್ ಸೇವ್ ಮಾಡಿ. ಸೇವ್ ಆಗದ ವರ್ಡ್ ಫೈಲ್ ಇರುವುದು ರ‍್ಯಾಮಿನಲ್ಲಿ, ಡಿಸ್ಕಿನಲ್ಲಿ ಅಲ್ಲ, ಬ್ಯಾಕಪ್‌ಗೆ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಟ್ಯಾಲಿ, ಔಟ್‌ಲುಕ್, ಫೋಟೊಶಾಪ್, ಬ್ರೌಸರ್, ವರ್ಚುವಲ್ ಮಷೀನ್ ಇದ್ದರೆ ಅದು, ಎಲ್ಲವನ್ನೂ ಮುಚ್ಚಿ. ಬ್ಯಾಕಪ್ ಶುರು ಮಾಡಿ. ಸಾಫ್ಟ್‌ವೇರಿನ ವಿಂಡೋದಲ್ಲಿ ಅಥವಾ ಲಾಗ್‌ನಲ್ಲಿ ಸ್ನ್ಯಾಪ್‌ಶಾಟ್ ಅಥವಾ ಶ್ಯಾಡೋ ಕಾಪಿ ಅಂತ ಒಂದು ಸಾಲು ಬಂದು ಹೋಗುತ್ತದೆ, ಅದು ಮುಗಿದು ಪರ್ಸೆಂಟೇಜ್ ಏರಲು ಶುರುವಾಯಿತು ಅಂದರೆ ಮುಚ್ಚಿದ್ದನ್ನೆಲ್ಲ ಮತ್ತೆ ತೆರೆದುಕೊಳ್ಳಿ. ಇಷ್ಟೇ. ಬ್ಯಾಕಪ್ ಮುಗಿಯುವವರೆಗೆ ಎಲ್ಲವನ್ನೂ ಮುಚ್ಚಿಡಿ ಅಂತ ಹೇಳುವವರು ಅತಿ ಎಚ್ಚರಿಕೆಯವರು, ಅದರ ಅಗತ್ಯ ಇಲ್ಲ.

ಶುರುವಾದ ಸಮಯವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ಅದು ಬೇಕು.

ನಿಮ್ಮ ಸಾಫ್ಟ್‌ವೇರ್ ಸ್ನ್ಯಾಪ್‌ಶಾಟ್ ತೆಗೆಯುತ್ತದಾ ಅಂದರೆ, ವಿಂಡೋಸ್ ತೆರೆದಿರುವಾಗಲೇ ಪೂರ್ತಿ ಡಿಸ್ಕಿನ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ತೆಗೆಯುವ ಹೆಸರಾಂತ ಪ್ರೋಗ್ರಾಂಗಳು ತೆಗೆಯುತ್ತವೆ. ವೀಮ್ ಏಜೆಂಟಿನ ಉಚಿತ ಆವೃತ್ತಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ 7ರ ಹೆಸರಲ್ಲಿ ಇವತ್ತಿಗೂ ಉಳಿದುಕೊಂಡಿರುವ ಸಿಸ್ಟಂ ಇಮೇಜ್, ಎರಡೂ ತೆಗೆಯುತ್ತವೆ. ಈ ಎರಡನೆಯದು ಇಮೇಜ್ ಬರೆಯಲು ಎಕ್ಸ್‌ಟರ್ನಲ್ ಡಿಸ್ಕ್ ಎನ್‌ಟಿಎಫ್‌ಎಸ್ ಅನ್ನುವ ವಿಂಡೋಸ್ ಫಾರ್ಮ್ಯಾಟಿನಲ್ಲಿ ಇರಲೇಬೇಕು ಅನ್ನುತ್ತದೆ. ಮ್ಯಾಕ್ರಿಯಂ ರಿಫ್ಲೆಕ್ಟ್ ಕೂಡ ತೆಗೆಯುತ್ತದೆ, ಆದರೆ ಅದರ ಉಚಿತ ಆವೃತ್ತಿಗೆ ಬೆಂಬಲ 2024ರ ಆರಂಭಕ್ಕೇ ನಿಂತಿದೆ, ಹಳೇ ವಿಡಿಯೋ ನೋಡಿ ಅದನ್ನೇ ಹುಡುಕಿಕೊಂಡು ಹೋಗಬೇಡಿ. ಕ್ಲೋನ್‌ಜಿಲ್ಲಾ ಬೇರೆ ಜಾತಿ. ಅದು ಪೆನ್ ಡ್ರೈವಿನಿಂದ ಬೂಟ್ ಆಗುತ್ತದೆ, ಓಡುವಷ್ಟು ಹೊತ್ತು ಕಂಪ್ಯೂಟರ್ ನಿಮ್ಮದಲ್ಲ.

ನಿಧಾನ ಆಗುವುದು ಯಾಕೆ, ಏನು ಮಾಡಬಹುದು

ನಿಮ್ಮಲ್ಲಿ ಎಸ್‌ಎಸ್‌ಡಿ ಇದ್ದರೆ ಮುಂದಿನ ಒಂದು ಪ್ಯಾರಾವನ್ನು ಹಾರಿಸಿ ಮುಂದೆ ಹೋಗಬಹುದು, ಬ್ಯಾಕಪ್ ಓಡುತ್ತಿದೆ ಅಂತ ನಿಮಗೆ ಗೊತ್ತೇ ಆಗದಿರಬಹುದು.

ಹಳೇ ತಿರುಗುವ ಹಾರ್ಡ್ ಡಿಸ್ಕ್ ಇದ್ದವರ ಪಾಡು ಬೇರೆ. ಲ್ಯಾಪ್‌ಟಾಪಿನ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಕೆಳಗೆ ಬರುವ ತನಕ ಓದುವ ಮುಳ್ಳು ಕಾಯಬೇಕು, ಅದಕ್ಕೂ ಮುಂಚೆ ಸರಿಯಾದ ಪಟ್ಟಿಗೆ ಸರಿಯಬೇಕು. ಬ್ಯಾಕಪ್ ಒಂದೇ ಸಮನೆ ಓದುತ್ತಾ ಹೋಗುತ್ತಿರುವಾಗ ನೀವು ಕ್ರೋಮ್ ತೆರೆದಿರಿ ಅಂದರೆ ಆ ಮುಳ್ಳು ಇಲ್ಲಿಂದೆದ್ದು ಅಲ್ಲಿಗೆ, ಅಲ್ಲಿಂದೆದ್ದು ಇಲ್ಲಿಗೆ ಓಡಾಡಬೇಕು, ಹೀಗಾಗಿ ನಿಮ್ಮ ಕೆಲಸವೂ ತೆವಳುತ್ತದೆ, ಬ್ಯಾಕಪ್ ಕೂಡ ತೆವಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು 8 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್ ಅಂತ ಕಾಣುವುದು ಇದಕ್ಕೇ. ಕಂಪ್ಯೂಟರ್ ಹ್ಯಾಂಗ್ ಆಗಿಲ್ಲ, ಸರದಿಯಲ್ಲಿ ನಿಂತಿದೆ ಅಷ್ಟೇ. ದಯವಿಟ್ಟು ಪವರ್ ಬಟನ್ ಒತ್ತಿ ಹಿಡಿಯಬೇಡಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ಯಾಕಪ್ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಯಾರಿಟಿ ಕಡಿಮೆ ಮಾಡಿ ಅಂತ ಒಂದು ಸಲಹೆ ಎಲ್ಲಾ ಕಡೆ ಓಡಾಡುತ್ತದೆ. ಅದು ಬದಲಾಯಿಸುವುದು ಸಿಪಿಯು ಸರದಿಯನ್ನು. ನಮ್ಮ ತೊಂದರೆ ಇರುವುದು ಡಿಸ್ಕಿನ ಸರದಿಯಲ್ಲಿ, ಆದ್ದರಿಂದ ಹೆಚ್ಚೇನೂ ಪ್ರಯೋಜನ ಆಗುವುದಿಲ್ಲ. ಬ್ಯಾಕಪ್ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ಒಳಗೇ ವೇಗ ತಗ್ಗಿಸುವ ಆಯ್ಕೆ ಇದ್ದರೆ ಅದನ್ನು ಬಳಸಿ, ಅದು ಕೆಲಸ ಮಾಡುತ್ತದೆ. ಯಾರು ಡಿಸ್ಕನ್ನು ತಿನ್ನುತ್ತಿದ್ದಾರೆ ಅಂತ ನೋಡಬೇಕಾದರೆ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬಿಗೆ ಹೋಗಿ, ಒಂದೊಂದು ಪ್ರೋಗ್ರಾಂ ಎಷ್ಟು ಓದುತ್ತಿದೆ, ಎಷ್ಟು ಬರೆಯುತ್ತಿದೆ ಅಂತ ಸಾಲಾಗಿ ಕಾಣುತ್ತದೆ. ಎಷ್ಟೋ ಸಲ ಬ್ಯಾಕಪ್ ಜೊತೆಗೆ ಆಂಟಿವೈರಸ್ಸಿನ ಪೂರ್ತಿ ಸ್ಕ್ಯಾನೂ ವಿಂಡೋಸ್ ಅಪ್‌ಡೇಟೂ ಒಟ್ಟಿಗೆ ಓಡುತ್ತಿರುತ್ತವೆ. ಅಪ್‌ಡೇಟನ್ನು ಒಂದು ವಾರ ತಡೆಹಿಡಿಯಿರಿ, ಇಲ್ಲದಿದ್ದರೆ ನಡುರಾತ್ರಿ ತಾನೇ ರೀಸ್ಟಾರ್ಟ್ ಆಗಿ ಮೂರು ಗಂಟೆಯ ಕೆಲಸ ನೀರುಪಾಲು. ಸ್ಕ್ಯಾನನ್ನು ನಾಳೆಗೆ ದೂಡಿ.

ಹಾಗಾದರೆ ಯಾವ ಕೆಲಸ ಮಾಡಬಹುದು? ಮೇಲ್ ನೋಡುವುದು, ಟೈಪ್ ಮಾಡುವುದು, ಎಕ್ಸೆಲ್, ಯೂಟ್ಯೂಬ್, ಆನ್‌ಲೈನ್ ಮೀಟಿಂಗ್, ಇವೆಲ್ಲ ನಡೆಯುತ್ತವೆ. ವಿಡಿಯೋ ಎಕ್ಸ್‌ಪೋರ್ಟ್, ದೊಡ್ಡ ಗೇಮ್ ಇನ್‌ಸ್ಟಾಲ್, ನೂರಾರು ಜಿಬಿ ಫೋಟೊ ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವುದು, ಇವನ್ನು ಬೇಡ ಅನ್ನುವುದಕ್ಕೆ ನಿಧಾನ ಒಂದೇ ಕಾರಣ ಅಲ್ಲ. ಮೇಲೆ ಹೇಳಿದ ಹಾಗೆ ಹಳೇ ತುಣುಕುಗಳನ್ನು ಎತ್ತಿಡಲು ಒಂದು ಜಾಗ ಬೇಕು, ಸಾಮಾನ್ಯವಾಗಿ ಅದು ಅದೇ ಡ್ರೈವಿನಲ್ಲಿರುತ್ತದೆ. ನೀವು ರಾಶಿಗಟ್ಟಲೆ ಅಳಿಸಿ ರಾಶಿಗಟ್ಟಲೆ ಬರೆಯುತ್ತಾ ಹೋದರೆ ಆ ಜಾಗ ತುಂಬುತ್ತದೆ, ತುಂಬಿದರೆ ವಿಂಡೋಸ್ ಸ್ನ್ಯಾಪ್‌ಶಾಟನ್ನೇ ಕೈಬಿಡುತ್ತದೆ, ಬ್ಯಾಕಪ್ ಅರ್ಧಕ್ಕೆ ಎರರ್ ಕೊಟ್ಟು ನಿಲ್ಲುತ್ತದೆ. ಡಿಫ್ರಾಗ್ ಅಂತೂ ಆ ಹೊತ್ತಿನಲ್ಲಿ ಬೇಡವೇ ಬೇಡ, ಅದರ ಕೆಲಸವೇ ತುಣುಕುಗಳನ್ನು ಆಚೀಚೆ ಮಾಡುವುದು. ಸಿ ಡ್ರೈವ್ ಕೆಂಪು ಗೆರೆ ಮುಟ್ಟಿದ್ದರೆ ಬ್ಯಾಕಪ್‌ಗೆ ಮುಂಚೆ ಒಂದಿಷ್ಟು ಖಾಲಿ ಮಾಡಿ. ಹತ್ತರಲ್ಲಿ ಒಂದು ಭಾಗ ಖಾಲಿ ಇದ್ದರೆ ನಿಶ್ಚಿಂತೆ ಅನ್ನುವುದು ನನ್ನ ಲೆಕ್ಕ.

ಕರೆಂಟು, ಕೇಬಲ್ಲು

ಬ್ಯಾಕಪ್ ಅರ್ಧಕ್ಕೆ ನಿಲ್ಲುವುದು ನೀವು ಎಕ್ಸೆಲ್ ತೆರೆದಿದ್ದಕ್ಕಿಂತ ಕೇಬಲ್ ಅಲ್ಲಾಡಿದ್ದಕ್ಕೇ ಜಾಸ್ತಿ. ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಎಕ್ಸ್‌ಟರ್ನಲ್ ಡಿಸ್ಕನ್ನು ಮಂಚದಿಂದ ಜೋತುಬಿಡುವವರನ್ನು ನೋಡಿದ್ದೇನೆ, ನೋಡಿದರೇ ಎದೆ ಝಲ್ ಅನ್ನುತ್ತದೆ. ಎರಡನ್ನೂ ಮೇಜಿನ ಮೇಲೆ ಇಡಿ, ಅಲ್ಲಾಡಿಸಬೇಡಿ, ತಿರುಗುವ ಡಿಸ್ಕ್ ಪೆಟ್ಟು ತಡೆದುಕೊಳ್ಳುವುದಿಲ್ಲ. ಯುಎಸ್‌ಬಿ ಹಬ್ ಬೇಡ, ನೇರವಾಗಿ ಕಂಪ್ಯೂಟರಿಗೆ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟ್ ಒಳ್ಳೆಯದು.

ಯಾವ ಪೋರ್ಟ್ ಅನ್ನುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ನೋಡಿ. ಯುಎಸ್‌ಬಿ 2 ಪೋರ್ಟಿನಲ್ಲಿ ನಿಜವಾಗಿ ಸಿಗುವ ವೇಗ ಸೆಕೆಂಡಿಗೆ ಸುಮಾರು 35 ಎಂಬಿ. 400 ಜಿಬಿ ಡೇಟಾಕ್ಕೆ ಮೂರು ಗಂಟೆ ಮೀರುತ್ತದೆ. ಅದೇ ಡಿಸ್ಕನ್ನು ಯುಎಸ್‌ಬಿ 3 ಪೋರ್ಟಿಗೆ ಹಾಕಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ ಒಂದು ಗಂಟೆ ಏಳು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಸಾಮಾನ್ಯವಾಗಿ ಪೋರ್ಟಿನ ಒಳಗಿನ ನಾಲಿಗೆ ನೀಲಿ ಬಣ್ಣದ್ದಾಗಿದ್ದರೆ ಅದು ಯುಎಸ್‌ಬಿ 3. ಬ್ಯಾಕಪ್ ಓಡುವಾಗ ಹೇಗೆ ಕೆಲಸ ಮಾಡೋದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಸರಿಯಾದ ಪೋರ್ಟಿಗೆ ಹಾಕಿದ್ದೀರಾ ನೋಡಿ.

ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಯೇ ಇರಲಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನುವುದನ್ನು ನೆವರ್ ಮಾಡಿ, ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಅನ್ನುವ ಆಯ್ಕೆ ಕೊಡಿ. ಊಟಕ್ಕೆ ಎದ್ದು ಹೋದಾಗ ಅದು ನಿದ್ದೆಗೆ ಜಾರಿದರೆ ವಾಪಸ್ ಬರುವ ಹೊತ್ತಿಗೆ ಯುಎಸ್‌ಬಿ ಡಿಸ್ಕ್ ಕಳಚಿಕೊಂಡಿರುತ್ತದೆ. ಡೆಸ್ಕ್‌ಟಾಪ್ ಇರುವವರಿಗೆ, ನಮ್ಮ ಕಡೆಯ ಲೋಡ್ ಶೆಡ್ಡಿಂಗ್ ಗೊತ್ತೇ ಇದೆ ಅಲ್ವಾ, ಮನೆಯ ಸಣ್ಣ ಯುಪಿಎಸ್ ಕೊಡುವುದು ಕೆಲವೇ ನಿಮಿಷ. ಅದು ಬ್ಯಾಕಪ್ ಮುಗಿಸಲು ಸಾಲುವುದಿಲ್ಲ, ಬ್ಯಾಕಪ್ ನಿಲ್ಲಿಸಿ ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಲು ಸಾಕು.

ಕರೆಂಟ್ ಹೋಗಿಯೇಬಿಟ್ಟಿತು ಅಂದುಕೊಳ್ಳಿ. ಬ್ಯಾಕಪ್ ನಿಮ್ಮ ಮೂಲ ಡೇಟಾವನ್ನು ಓದುತ್ತಿತ್ತು ಅಷ್ಟೇ, ಬ್ಯಾಕಪ್ ನಿಂತಿದ್ದರಿಂದ ಅದಕ್ಕೇನೂ ಆಗಿರುವುದಿಲ್ಲ. ಅರ್ಧ ಬರೆದ ಬ್ಯಾಕಪ್ ಫೈಲನ್ನು ಮಾತ್ರ ನಂಬಬೇಡಿ, ಅಳಿಸಿ ಮೊದಲಿಂದ ಮಾಡಿ. ಇದೇ ಕಾರಣಕ್ಕೆ ಹೊಸದು ಪೂರ್ತಿ ಮುಗಿಯುವ ತನಕ ಕಳೆದ ಸಲದ ಬ್ಯಾಕಪ್ ಅಳಿಸಬಾರದು. ಜಾಗ ಇಲ್ಲ ಅಂತ ಹಳೆಯದನ್ನು ಮೊದಲೇ ಅಳಿಸಿದರೆ ಆ ಮೂರು ಗಂಟೆ ನಿಮ್ಮ ಹತ್ತಿರ ಬ್ಯಾಕಪ್ ಅಂತ ಏನೂ ಇರುವುದಿಲ್ಲ.

ಬರೀ ಕಾಪಿ-ಪೇಸ್ಟ್ ಮಾಡುವವರು

ತುಂಬಾ ಜನ ಮಾಡುವುದು ಇದನ್ನೇ. ಡಾಕ್ಯುಮೆಂಟ್ಸ್ ಫೋಲ್ಡರ್ ಹಿಡಿದೆಳೆದು ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕುವುದು. ತಪ್ಪೇನಿಲ್ಲ, ಆದರೆ ಇಲ್ಲಿ ಸ್ನ್ಯಾಪ್‌ಶಾಟ್ ಇಲ್ಲ, ಲೆಕ್ಕದ ಪುಸ್ತಕದ ಎಡವಟ್ಟಿಗೆ ಬಾಗಿಲು ತೆರೆದೇ ಇದೆ. ಔಟ್‌ಲುಕ್ ತೆರೆದಿದ್ದರೆ ಮೇಲ್ ಎಲ್ಲ ಇರುವ ಅದರ ಪಿಎಸ್‌ಟಿ ಫೈಲ್ ಕಾಪಿ ಆಗುವುದಿಲ್ಲ, ಫೈಲ್ ಬಳಕೆಯಲ್ಲಿದೆ ಅಂತ ಒಂದು ಡಬ್ಬಿ ಎದ್ದು ನಿಲ್ಲುತ್ತದೆ. ನೀವು ಅದನ್ನು ನೋಡದೆ ಆಚೆ ಹೋಗಿದ್ದರೆ ಕಾಪಿ ಅಲ್ಲೇ ನಿಮಗಾಗಿ ಕಾಯುತ್ತಾ ಕೂತಿರುತ್ತದೆ. ಸ್ಕಿಪ್ ಒತ್ತಿದರೆ ಹತ್ತು ವರ್ಷದ ಮೇಲ್ ಬಿಟ್ಟುಹೋಯಿತು ಅಂತ ಲೆಕ್ಕ.

ವಿಂಡೋಸ್ ಜೊತೆಗೇ ಬರುವ ಕಾಪಿ ಕಮಾಂಡ್ ರೋಬೋಕಾಪಿ ಬಳಸುವವರು ಒಂದು ವಿಷಯ ಗಮನಿಸಿ. ಲಾಕ್ ಆದ ಫೈಲ್ ಸಿಕ್ಕರೆ ಅದು 30 ಸೆಕೆಂಡಿಗೊಮ್ಮೆ ಮತ್ತೆ ಪ್ರಯತ್ನಿಸುತ್ತದೆ, ಮೊದಲಿನಿಂದ ಇರುವ ಸೆಟ್ಟಿಂಗ್ ಪ್ರಕಾರ ಹತ್ತು ಲಕ್ಷ ಸಲ. ಅಂದರೆ ನಿಮ್ಮ ಪಾಲಿಗೆ ನಿಂತೇಹೋಯಿತು. ರೀಟ್ರೈ 1, ವೇಟ್ 1 ಅಂತ ಬದಲಾಯಿಸಿಕೊಂಡು ಓಡಿಸಿ, ಕೊನೆಗೆ ಯಾವುದು ಫೇಲ್ ಆಯಿತು ಅಂತ ಲಾಗ್ ಓದಿ.

ಟ್ಯಾಲಿಯಲ್ಲಿ ಕಂಪನಿ ತೆರೆದಿಟ್ಟುಕೊಂಡು ಡೇಟಾ ಫೋಲ್ಡರ್ ಕಾಪಿ ಮಾಡಬೇಡಿ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒಟ್ಟಿಗೆ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲೇ ಬ್ಯಾಕಪ್ ಇದೆ. ಮೊದಲು ಅದರಿಂದ ಒಂದು ಬ್ಯಾಕಪ್ ತೆಗೆದು, ಬಂದ ಫೈಲನ್ನು ಕಾಪಿ ಮಾಡಿ. ಡಿಟಿಪಿ ಕೆಲಸದವರು ಫಾಂಟುಗಳನ್ನೂ ಮರೆಯಬೇಡಿ. ಬರೀ ಡಾಕ್ಯುಮೆಂಟ್ ಫೋಲ್ಡರ್ ಎತ್ತಿಟ್ಟುಕೊಂಡು ಹೊಸ ಕಂಪ್ಯೂಟರಿನಲ್ಲಿ ಹಳೇ ನುಡಿ ಅಥವಾ ಬರಹ ಫೈಲ್ ತೆರೆದರೆ, ಆ ಫಾಂಟ್ ಇಲ್ಲದೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ.

ಒನ್‌ಡ್ರೈವ್ ಇದ್ದರೆ ಇನ್ನೊಂದು ತಕರಾರು. ಫೈಲಿನ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಆ ಫೈಲ್ ನಿಮ್ಮ ಡಿಸ್ಕಿನಲ್ಲಿ ಇಲ್ಲ, ಬರೀ ಹೆಸರಿದೆ. ಡಿಸ್ಕ್ ಇಮೇಜಿನಲ್ಲೂ ಆ ಹೆಸರೇ ಬರುತ್ತದೆ. ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಯಾವಾಗಲೂ ಈ ಕಂಪ್ಯೂಟರಿನಲ್ಲೇ ಇಡು ಅನ್ನುವ ಆಯ್ಕೆ ಕೊಟ್ಟು, ಎಲ್ಲ ಇಳಿದ ಮೇಲೆ ಬ್ಯಾಕಪ್ ಶುರು ಮಾಡಿ.

ಮ್ಯಾಕ್ ಇರುವವರಿಗೆ ಹೇಳುವುದು ಕಡಿಮೆ. 2007ರಲ್ಲಿ ಬಂದ ಮ್ಯಾಕಿನದೇ ಬ್ಯಾಕಪ್ ಪ್ರೋಗ್ರಾಂ ಟೈಮ್ ಮಷೀನ್ ಈಗ ಆಪಲ್‌ನ ಫೈಲ್ ವ್ಯವಸ್ಥೆಯಾದ ಎಪಿಎಫ್‌ಎಸ್‌ನ ಸ್ನ್ಯಾಪ್‌ಶಾಟ್ ಬಳಸುತ್ತದೆ, ಬೇಕಂತಲೇ ನಿಧಾನವಾಗಿ ಓಡಿ ನಿಮಗೆ ಜಾಗ ಬಿಡುತ್ತದೆ. ಮೊದಲ ಬ್ಯಾಕಪ್ ಮಾತ್ರ ಉದ್ದ, ಅದನ್ನು ರಾತ್ರಿಗೆ ಬಿಡಿ. ಲಿನಕ್ಸ್‌ನಲ್ಲಿ ಆರ್‌ಸಿಂಕ್ ಅನ್ನುವ ಕಾಪಿ ಕಮಾಂಡ್ ಓಡಿಸುವಾಗ ಕೆಲವು ಫೈಲ್ ಮಾಯವಾದವು ಅಂತ 24ನೇ ನಂಬರಿನ ಎಚ್ಚರಿಕೆ ಬಂದರೆ ಗಾಬರಿ ಬೇಡ, ಪಟ್ಟಿ ಮಾಡಿದ ಮೇಲೆ ಯಾವುದೋ ಟೆಂಪರರಿ ಫೈಲ್ ಅಳಿಸಿಹೋಗಿರುತ್ತದೆ. ಸ್ನ್ಯಾಪ್‌ಶಾಟ್ ತೆಗೆಯಬಲ್ಲ ಬಿಟಿಆರ್‌ಎಫ್‌ಎಸ್ ಅಥವಾ ಎಲ್‌ವಿಎಂ ವ್ಯವಸ್ಥೆ ಇದ್ದರೆ ಮೊದಲು ಸ್ನ್ಯಾಪ್‌ಶಾಟ್ ತೆಗೆದು ಅದರ ಮೇಲೆ ಆರ್‌ಸಿಂಕ್ ಓಡಿಸಿ.

ಡಿಸ್ಕ್ ಕೆಟ್ಟಿದೆ ಅಂತ ಅನುಮಾನ ಇದ್ದರೆ

ಇಲ್ಲಿ ನನ್ನ ಮಾತು ಪೂರ್ತಿ ಬದಲಾಗುತ್ತದೆ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದ್ದರೆ, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದಾಗ ಹಳದಿ ಬಣ್ಣದ ಎಚ್ಚರಿಕೆ ಇದ್ದು, ಡಿಸ್ಕಿನ ಕೆಟ್ಟ ಜಾಗಗಳ ಲೆಕ್ಕ ಹೇಳುವ 05, ಸಿ5, ಸಿ6 ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ, ಆ ಕಂಪ್ಯೂಟರಿನಲ್ಲಿ ಏನೂ ಕೆಲಸ ಮಾಡಬೇಡಿ. ವಿಂಡೋಸ್ ತೆರೆದಿದ್ದರೆ ಸಾಕು, ಅದು ಹಿಂದುಗಡೆ ಬರೆಯುತ್ತಲೇ ಇರುತ್ತದೆ. ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ, ಅದು ರಿಪೇರಿ ಹೆಸರಲ್ಲಿ ಇನ್ನಷ್ಟು ಬರೆಯುತ್ತದೆ. ಶಟ್‌ಡೌನ್ ಮಾಡಿ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ, ಇಲ್ಲವೇ ಲಿನಕ್ಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸಿ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಳ್ಳುತ್ತದೆ, ಹಠ ಮಾಡುವ ಭಾಗವನ್ನು ಕೊನೆಗೆ ಇಟ್ಟುಕೊಳ್ಳುತ್ತದೆ, ಎಲ್ಲಿಗೆ ನಿಂತೆ ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುವುದರಿಂದ ಮಧ್ಯೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಮುಂದುವರಿಸಬಹುದು. ಟಿಕ್ ಟಿಕ್ ಸದ್ದು ಜೋರಾಗಿದ್ದು ಒಳಗಿರುವ ಫೋಟೊ ಬೇಕೇ ಬೇಕು ಅಂದರೆ ಇದನ್ನೂ ಮಾಡಬೇಡಿ. ಡೇಟಾ ರಿಕವರಿ ಲ್ಯಾಬಿಗೆ ಕೊಡಿ, ದುಬಾರಿ ಹೌದು.

ಮುಗಿದ ಮೇಲೆ

ಶುರುವಾದ ಸಮಯ ಬರೆದಿಟ್ಟ ಚೀಟಿ ತೆಗೆಯಿರಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನಿಮ್ಮ ಕೆಲಸದ ಫೋಲ್ಡರುಗಳನ್ನು ಬದಲಾದ ದಿನಾಂಕದ ಪ್ರಕಾರ ಜೋಡಿಸಿ, ಆ ಸಮಯದ ನಂತರದ ಫೈಲುಗಳನ್ನು ಬೇರೆಯಾಗಿ ಕಾಪಿ ಮಾಡಿ. ಹೆಚ್ಚೆಂದರೆ ನಾಲ್ಕೈದು ಇರುತ್ತವೆ.

ವೆರಿಫೈ ಅನ್ನುವ ಆಯ್ಕೆ ಇದ್ದರೆ ಬಿಡಬೇಡಿ. ಹೆಚ್ಚಿನ ಸಾಫ್ಟ್‌ವೇರ್‌ಗಳು ಆಗ ಬ್ಯಾಕಪ್ ಫೈಲನ್ನು ಮಾತ್ರ ಓದುತ್ತವೆ, ನಿಮ್ಮ ಒಳಗಿನ ಡಿಸ್ಕ್ ಆರಾಮಾಗಿರುತ್ತದೆ, ಭಾರದ ಕೆಲಸ ಬಾಕಿ ಇದ್ದರೆ ಆಗ ಶುರು ಮಾಡಬಹುದು. ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಹಾಕಿರುವವರು ಒಂದು ಗಮನಿಸಿ, ಲಾಕ್ ತೆರೆದಿರುವ ಸ್ಥಿತಿಯಲ್ಲಿ ತೆಗೆದ ಇಮೇಜಿನ ಒಳಗೆ ಡೇಟಾ ಬಿಚ್ಚಿಕೊಂಡೇ ಇರುತ್ತದೆ. ಬ್ಯಾಕಪ್‌ಗೆ ಬೇರೆ ಪಾಸ್‌ವರ್ಡ್ ಕೊಡಿ, ಇಲ್ಲದಿದ್ದರೆ ಎಕ್ಸ್‌ಟರ್ನಲ್ ಡಿಸ್ಕನ್ನೂ ಬಿಟ್‌ಲಾಕರ್ ಮಾಡಿ.

ಆಮೇಲೆ ಇಜೆಕ್ಟ್ ಕೊಟ್ಟು ಡಿಸ್ಕ್ ಕಳಚಿ ಬೇರೆ ಕಡೆ ಇಡಿ. ಸುಮ್ನೆ ಚುಚ್ಚಿಯೇ ಬಿಟ್ಟರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಬಂದ ದಿನ ಅದನ್ನೂ ಸೇರಿಸಿಯೇ ಲಾಕ್ ಮಾಡುತ್ತದೆ, ವಿಂಡೋಸ್ ಒಳಗಿನ ಶ್ಯಾಡೋ ಕಾಪಿಗಳನ್ನೂ ಅಳಿಸಿಹಾಕುತ್ತದೆ. ಇನ್ನು ಬ್ಯಾಕಪ್ ಓಡುವಾಗ ಕಂಪ್ಯೂಟರ್ ಬಳಸಬಹುದು, ಆದರೆ ಸಿ ಡ್ರೈವ್ ವಾಪಸ್ ಹಾಕುವಾಗ ಬಳಸಲು ಬರುವುದಿಲ್ಲ, ಅದಕ್ಕೆ ಬ್ಯಾಕಪ್ ಸಾಫ್ಟ್‌ವೇರಿನಿಂದ ಮಾಡಿಕೊಳ್ಳುವ ರೆಸ್ಕ್ಯೂ ಪೆನ್ ಡ್ರೈವಿನಿಂದ ಬೂಟ್ ಆಗಬೇಕು. ಆ ಪೆನ್ ಡ್ರೈವನ್ನು ಇವತ್ತೇ ಮಾಡಿ, ಒಂದು ಸಲ ಅದರಿಂದ ಬೂಟ್ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿನ ಬ್ಯಾಕಪ್ ಫೈಲ್ ಅದಕ್ಕೆ ಕಾಣುತ್ತದಾ ನೋಡಿಕೊಂಡು, ಏನೂ ಒತ್ತದೆ ಹೊರಗೆ ಬನ್ನಿ.